ಲೋಕದ ಒಡೆಯನ ತೂಕ

ಬ್ಲಿತಾರ್ ಊರಾಚೆಯ ಸಣ್ಣ ಮೃಗಾಲಯದಲ್ಲಿ ವಾಗಿಮನ್ ಇಪ್ಪತ್ತೆರಡು ವರ್ಷದಿಂದ ಒಂದೇ ಕೊಮೊಡೊ ಉಡವನ್ನು ನೋಡಿಕೊಳ್ಳುತ್ತಿದ್ದ. ಅದರ ಹೆಸರು ಪ್ರಬು ಜಗತ್‌ನಾತಾ. ಲೋಕದ ಒಡೆಯನೆನಿಸಿಕೊಂಡವನು ದಿನವಿಡೀ ಬಿಸಿಲಿಗೆ ಬೆನ್ನು ಕೊಟ್ಟು ಬಿದ್ದಿರುತ್ತಿದ್ದ. ಪ್ರತಿ ಸೋಮವಾರ ಮಾಂಸದ ಆಸೆ ತೋರಿಸಿ ಅವನನ್ನು ತೂಕದ ಹಲಗೆ ಹತ್ತಿಸುವುದು, ಪುಸ್ತಕದಲ್ಲಿ ಬರೆಯುವುದು ವಾಗಿಮನ್‌ನ ಕೆಲಸ.

ಈಚೆಗೆ ತೂಕ ಇಳಿಯತೊಡಗಿತ್ತು. ಅರವತ್ತೊಂದು ಕಿಲೊ, ಐವತ್ತೇಳು, ಐವತ್ತೆರಡು. ಮಾಂಸಕ್ಕೆ ನಾಲಿಗೆ ಚಾಚಿ ನೋಡುತ್ತಾನೆ, ಬಿಟ್ಟುಬಿಡುತ್ತಾನೆ. ಐವತ್ತರ ಕೆಳಗೆ ಹೋದರೆ ಹಿತ್ತಿಲಿನ ರೋಗಿಗಳ ಗೂಡಿಗೆ ಎಂದಿದ್ದಳು ಹೊಸ ಡಾಕ್ಟರ್ ರತ್ರಿ. ಆ ಗೂಡಿಗೆ ಹೋದ ಮುದಿ ಪ್ರಾಣಿ ತಿರುಗಿ ಬಂದದ್ದನ್ನು ವಾಗಿಮನ್ ಕಂಡಿರಲಿಲ್ಲ.

ಮುಂದಿನ ಸೋಮವಾರ ಮುಳ್ಳು ಐವತ್ತೈದು ತೋರಿಸಿತು. ಡಾಕ್ಟರ್ ಬಗ್ಗಿ ನೋಡಿದಳು.

“ವಾಗಿಮನ್ ಅವರೇ, ನಿಮ್ಮ ಕಾಲು ತೆಗೀರಿ.”

“ಹಲಗೆ ಅಲ್ಲಾಡದೆ ಇರ್ಲಿ ಅಂತ, ಡಾಕ್ಟರಮ್ಮ.”

ಕಾಲು ತೆಗೆದ ಮೇಲೆ ಐವತ್ತೊಂದು.

ಕಾರಣ ಕಂಡುಹಿಡಿದವಳು ಹೆಂಡತಿ ಸುಮಿನಾ. ಉಡಕ್ಕೆ ಅದರ ಹೆಸರೇ ಭಾರವಾಗಿದೆ. ಅವರ ಓಣಿಯಲ್ಲಿ ಮಗು ಪದೇಪದೇ ಹಾಸಿಗೆ ಹಿಡಿದರೆ ಹೆಸರು ಬದಲಿಸುತ್ತಾರೆ. ಅವಳ ತಮ್ಮ ಉಳಿದದ್ದೇ ಹಾಗೆ.

“ಲೋಕಾನೆಲ್ಲ ಹೊತ್ಕೊಂಡ್ರೆ ಉಡ ಸೊರಗ್ದೆ ಇರತ್ತಾ?”

ಹೆಸರು ಬದಲಿಸುವ ಶಾಸ್ತ್ರಕ್ಕೆ ಬೆಲ್ಲ ಹಾಕಿದ ಕೆಂಪು ಗಂಜಿ, ಹಾಕದ ಬಿಳಿ ಗಂಜಿ ಎರಡನ್ನೂ ಅವಳೇ ಕಾಯಿಸಿದಳು. ಆನೆ ನೋಡಿಕೊಳ್ಳುವವನು, ಹಕ್ಕಿ ನೋಡಿಕೊಳ್ಳುವವನು ಉಡದ ಗೂಡಿನ ಮುಂದೆ ಚಾಪೆ ಹಾಸಿ, ಪ್ರಾರ್ಥಿಸಿ, ಗಂಜಿ ಉಂಡು ಎದ್ದರು. ಉಡದ ಹೆಸರು ವರಾಸ್ ಆಯಿತು; ಗಟ್ಟಿಮುಟ್ಟಾಗಿರುವವನು ಎಂದರ್ಥ, ಅಷ್ಟೇ. ಹಳೆಯ ಹೆಸರನ್ನು ಇನ್ನು ಯಾರೂ ಎತ್ತಬಾರದು. ಹಾಗಾಗಿ ವಾಗಿಮನ್ ತೂಕದ ಪುಸ್ತಕದಲ್ಲಿ ಪ್ರಬುವಿನ ಪುಟಕ್ಕೆ ಅಡ್ಡಗೆರೆ ಎಳೆದು, ಹೊಸ ಪುಟದಲ್ಲಿ ವರಾಸ್‌ನನ್ನು ಶುರುಮಾಡಿದ.

ಪುಸ್ತಕ ಮೇಲಿನ ಕಚೇರಿಗೆ ಹೋಯಿತು. ಒಂದು ಕೊಮೊಡೊ ಕಾಣೆಯಾಗಿದೆ, ಇನ್ನೊಂದು ಕಾಗದಪತ್ರವಿಲ್ಲದೆ ಬಂದಿದೆ ಎಂದು ಅಲ್ಲಿಂದ ಇಬ್ಬರು ಓಡಿಬಂದರು. ಎರಡೂ ಒಂದೇ ಎಂದು ವಾಗಿಮನ್ ಉಡದ ಪಟ್ಟು ಹಿಡಿದ. ಹಳೆಯ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲೊಲ್ಲ. ಮುದಿ ಪ್ರಾಣಿಗೆ ಮತ್ತಿನ ಮದ್ದು ಕೊಡುವ ಧೈರ್ಯ ಅಷ್ಟು ದಿನ ಡಾಕ್ಟರ್‌ಗೆ ಬಂದಿರಲಿಲ್ಲ. ಈಗ ಬೇರೆ ದಾರಿಯಿರಲಿಲ್ಲ. ಮದ್ದು ಕೊಟ್ಟು ಮಲಗಿಸಿ, ಚರ್ಮದಡಿಯ ಗುರುತಿನ ಚಿಪ್ ಓದಿದರು. ಉಡ ಒಂದೇ. ಹೇಗೂ ಮಲಗಿದ್ದಾನಲ್ಲ ಎಂದು ಅವಳು ಬಾಯಿಯನ್ನೂ ಅಗಲಿಸಿ ನೋಡಿದಳು. ಒಸಡಿನಲ್ಲಿ ಮೂಳೆಯ ಚೂರು ನಾಟಿ ಕೀವುಗಟ್ಟಿತ್ತು.

ಮೂರು ಸೋಮವಾರ ಕಳೆದ ಮೇಲೆ ಐವತ್ತನಾಲ್ಕು. ವಾಗಿಮನ್ ಹಲಗೆಯಿಂದ ಎರಡು ಮಾರು ದೂರ ನಿಂತಿದ್ದ.

“ಮೂಳೆ ಚೂರು, ವಾಗಿಮನ್ ಅವರೇ. ಹೆಸರಲ್ಲ,” ಎಂದಳು ಡಾಕ್ಟರ್.

“ಚೂರು ತೆಗೆದಿದ್ದು ನೀವೇ, ಡಾಕ್ಟರಮ್ಮ. ಬಾಯಿ ತೆಗೆಸಿದ್ದು ಯಾರು?”

ಅವಳು ವರಾಸ್‌ನ ಪುಟದಲ್ಲಿ ತೂಕ ಬರೆದಳು. ಪುಸ್ತಕ ಮುಚ್ಚುತ್ತ, ಮುದಿ ಮೊಸಳೆಯೂ ಈಚೆಗೆ ಸರಿಯಾಗಿ ತಿನ್ನುತ್ತಿಲ್ಲವಂತೆ, ಅದರ ಹೆಸರೇನು ಎಂದು ತಗ್ಗಿದ ದನಿಯಲ್ಲಿ ಕೇಳಿದಳು.