ಬೆನ್ನ ಹಿಂದಿನ ಮರ್ಯಾದೆ

ಗೆಳೆಯರೇ, ಇವತ್ತು ನಮ್ಮ ಕೊಂಕಲ್‌ನ ಚಹಾದ ಅಂಗಡಿಯಲ್ಲಿ ನನ್ನ ಮುತ್ಯಾ, ಅಂದರೆ ಅಜ್ಜ, ಎಲ್ಲರ ಬೀಡಿ ಆರಿಸಿದ. ಅವನು ಜೀವಮಾನದಲ್ಲಿ ಬೀಡಿ ಮುಟ್ಟಿದವನಲ್ಲ, ಆದರೂ ಕೆಮ್ಮು ಬಿಡುತ್ತಿಲ್ಲ. ಬೇರೆಯವರ ಹೊಗೆ ಕುಡಿಯುತ್ತಾ ಕೂತರೆ ಉಸಿರಾಟ ಇನ್ನೂ ಕೆಡುತ್ತದೆ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದಾರೆ. ಅಂಗಡಿಗೆ ಹೋಗುವುದನ್ನೇ ಬಿಡು ಎಂದು ಮನೆಯಲ್ಲಿ ಹೇಳಿ ನೋಡಿದೆವು. ಆದರೆ ಅವನ ಗೆಳೆತನವೆಲ್ಲ ಇರುವುದು ಆ ಬೆಂಚಿನ ಮೇಲೆ.

ನಮ್ಮಲ್ಲಿ ಹಿರಿಯರ ಎದುರಿಗೆ ಯಾರೂ ಬೀಡಿ ಸೇದುವುದಿಲ್ಲ. ಅದಕ್ಕೇ ನನ್ನ ಕಾಕಾ ಮತ್ತು ಅವನ ಜೊತೆಗಾರರು ಮುತ್ಯಾನ ಬೆನ್ನ ಹಿಂದೆ ನಿಂತು ಸೇದುತ್ತಾರೆ. ಗಾಳಿಯೂ ಅದೇ ಕಡೆಯಿಂದ ಬೀಸುತ್ತದೆ.

ಇವತ್ತು ಕೆಮ್ಮಿ ಸುಧಾರಿಸಿಕೊಂಡ ಮೇಲೆ ಮುತ್ಯಾ ಹಿಂದೆ ತಿರುಗದೆಯೇ ಅಂದ, "ಏ, ಎಲ್ಲಾರೂ ನನ್ನ ಮುಂದ ಬಂದು ಸೇದ್ರಿ. ಗಾಳಿ ಆ ಕಡಿ ಹೊಂಟದ."

ಕಾಕಾ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನಿನ್ನ ಮುಂದ ಹೆಂಗ ಸೇದ್ಲಿ ಯಪ್ಪಾ? ನಾಚಿಕಿ ಬರ್ತದ."

"ನನ್ನ ಕಣ್ಣಿಗೆ ಬಿದ್ರ ನಾಚಿಕಿ, ನನ್ನ ಎದಿಯಾಗ ಹೊಗಿ ತುಂಬಿದ್ರ ನಾಚಿಕಿಲ್ಲೇನು?"

ಚಹಾ ಸೋಸುತ್ತಿದ್ದ ಶರಣಮ್ಮಕ್ಕ ನಕ್ಕಳು. "ಬರ್ರಿ ಬರ್ರಿ, ಹಿರೇರು ಕರ್ಯಾಕತ್ತಾರ!"

ಯಾರೂ ಮುಂದೆ ಬರಲಿಲ್ಲ. ಬೀಡಿಗಳು ಚಪ್ಪಲಿಯ ಕೆಳಗೆ ಹೋದವು. ಎಲ್ಲರಿಗೂ ಒಮ್ಮೆಲೇ ಹೊಲದ ಕೆಲಸ ನೆನಪಾಯಿತು.

ಮಂದಿಯ ಮುಂದೆ ಮಾತಾಡುವುದು ನನಗೆ ಬರುವುದಿಲ್ಲ. ಮುತ್ಯಾ ಎದ್ದ ಮೇಲೆ ಬೆಂಚನ್ನು ಎಳೆದು ಗೋಡೆಗೆ ಹಚ್ಚಿ ಇಟ್ಟು ಬಂದೆ. ನಾಳೆಯಿಂದ ಮುತ್ಯಾನ ಬೆನ್ನ ಹಿಂದೆ ನಿಂತು ಮರ್ಯಾದೆ ಕೊಡಲು ಯಾರಿಗೂ ಜಾಗವಿಲ್ಲ.