ಕಿವಿ ಕೇಳದವರಿಗೆ ಖೋಲಿ

ಗೆಳೆಯರೇ, ಇವತ್ತು ಬಾದಾಮಿಯ ಲಾಡ್ಜೊಂದರಲ್ಲಿ ನಡೆದದ್ದು ಕೇಳಿ. ಇಳಕಲ್ಲಿನಿಂದ ನನ್ನ ಜೊತೆ ಬಂದ ನೇಕಾರ ಸಂಗಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಓದು ಬರಹ ಚೆನ್ನಾಗಿ ಬರುತ್ತದೆ. ಕಿವಿಯ ಸಂಗತಿ ಗೊತ್ತಾದ ಕೂಡಲೇ ಮ್ಯಾನೇಜರು ರಿಜಿಸ್ಟರ್ ಮುಚ್ಚಿದರು.

"ಇವರಿಗೆ ಖೋಲಿ ಕೊಡಾಕ ಬರೂದಿಲ್ರಿ. ಬೆಂಕಿ ಬಿತ್ತಂದ್ರ ನಾವು ಒದರಿದ್ದು ಇವರಿಗೆ ಹೆಂಗ ಗೊತ್ತಾಗಬೇಕು?"

ಅದನ್ನು ಚೀಟಿಯಲ್ಲಿ ಬರೆದು ಸಂಗಪ್ಪನಿಗೆ ತೋರಿಸಿದೆ. ಅವನು ಕೆಳಗೆ ಬರೆದ: "ಮೂಗ ಐತ್ರಿ. ಹೊಗಿ ವಾಸನಿ ಬರತೈತಿ."

ಮ್ಯಾನೇಜರು ಓದಿ ಕೆಂಪಾದರು. "ಇಂಥವರಿಗೆ ಕೊಡಬೇಕಂತ ಕಾನೂನು ಎಲ್ಲೈತ್ರಿ?"

"ಕೊಡಬಾರದಂತ ಎಲ್ಲೈತ್ರಿ?" ಎಂದೆ.

ಮ್ಯಾನೇಜರು ಮಾಲೀಕರಿಗೆ ಟ್ರಂಕ್‌ಕಾಲ್ ಬುಕ್ ಮಾಡಿದರು. ಅದು ಸಿಗುವ ತನಕ, ಒಂದೂವರೆ ತಾಸು, ಸಂಗಪ್ಪ ತಪ್ಪು ಮಾಡಿದವನಂತೆ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಕೊನೆಗೆ ಮಾಲೀಕರ ಅಪ್ಪಣೆ ಬಂತು: ಗದ್ದಲಕ್ಕೆ ಹೆದರಿ ಯಾರೂ ಇಳಿದುಕೊಳ್ಳದ, ಬಸ್‌ಸ್ಟ್ಯಾಂಡ್ ಕಡೆಯ ಖೋಲಿ ಕೊಡಿ.

ಈಗ ಮಧ್ಯಾಹ್ನ ಎರಡು ಗಂಟೆ. ಕಿಟಕಿಯ ಕೆಳಗೆ ನಾಲ್ಕು ಬಸ್ಸುಗಳು ಒಟ್ಟಿಗೇ ಹಾರ್ನ್ ಹೊಡೆಯುತ್ತಿವೆ. ಸಂಗಪ್ಪ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾನೆ. ಈ ಲಾಡ್ಜಿನಲ್ಲಿ ಖೋಲಿ ಕೊಡಬಾರದವರು ಯಾರಾದರೂ ಇದ್ದರೆ, ಅದು ಎರಡೂ ಕಿವಿ ನೆಟ್ಟಗಿರುವ ನಾನೇ.