ಮೂರನೇ ತಿಂಗಳ ಫೋಟೋ

ನನ್ನ ಅಕ್ಕ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಫೋಟೋ ತೆಗೆಯುತ್ತಾಳೆ. ಅದಕ್ಕೂ ಮುಂಚೆ ಹದಿನಾರು ವರ್ಷ ಭಾವನ ಸ್ಟುಡಿಯೋದಲ್ಲಿ ಕೂತು, ಚೂಪು ಪೆನ್ಸಿಲ್ ಹಿಡಿದು, ಗಿರಾಕಿಗಳ ನೆಗೆಟಿವ್ ಮೇಲಿನ ಮೊಡವೆ, ಮಚ್ಚೆಗಳನ್ನು ಮರೆಮಾಚುತ್ತಿದ್ದಳು. ಸ್ಟುಡಿಯೋ ಮುಚ್ಚಿದ ಮೇಲೆ ಈ ಕೆಲಸ ಸಿಕ್ಕಿತು. ಇಲ್ಲಿ ಅದೇ ಬೂದು ಗೋಡೆ, ಅದೇ ಸ್ಟೂಲು, ಅದೇ ದೀಪ. ಪೌಡರ್ ಇಲ್ಲ, ನಗು ಇಲ್ಲ. ಆಪರೇಷನ್ನಿಗೆ ಮುಂಚೆ ಒಂದು ಫೋಟೋ. ಆಮೇಲೆ ಒಂದು ತಿಂಗಳಿಗೆ, ಮೂರಕ್ಕೆ, ಆರಕ್ಕೆ, ವರ್ಷಕ್ಕೆ ಒಂದೊಂದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹಾಗೆ ಎದ್ದು ಬಂದವರಲ್ಲಿ ನಾನೂ ಒಬ್ಬ.

ಹೋದ ವರ್ಷ ಟಿವಿಯವರು ಬಂದರು. ಕತ್ತು ಸುಟ್ಟು ಆಪರೇಷನ್ ಆಗಿದ್ದ ಹೆಂಗಸೊಬ್ಬಳನ್ನು ಅಕ್ಕನ ಸ್ಟೂಲಿನ ಮೇಲೆ ಕೂರಿಸಿದರು.

"ಮೇಡಂ, ಇವರಿಗೆ ಸ್ವಲ್ಪ ಪೌಡರ್ ಹಚ್ಚಿದ್ರೆ ನಿಮಗೇನು ಕಷ್ಟ?"

"ನನಗೇನಪ್ಪ ಕಷ್ಟ. ಹಳೇ ಫೋಟೋಗೂ ಅಷ್ಟೇ ಹಚ್ಚಿ ಕೊಡಿ."

ಅವರು ಹೊರಗಿನ ತೋಟಕ್ಕೆ ಹೋಗಿ ತಮಗೆ ಬೇಕಾದ ಹಾಗೆ ತೆಗೆದುಕೊಂಡರು. 'ಕಲೆ ಮಾಯ' ಎಂದು ಹೆಸರಿಟ್ಟು ತೋರಿಸಿಯೂ ಬಿಟ್ಟರು.

ಅದನ್ನು ನನ್ನ ಮಗಳು ಮೊಬೈಲಿನಲ್ಲಿ ನೂರು ಸಲ ನೋಡಿದ್ದಾಳೆ. ಅವಳಿಗೆ ಹತ್ತೊಂಬತ್ತು. ಚಿಕ್ಕಂದಿನಲ್ಲಿ ಕುದಿಯುವ ನೀರು ಬಿದ್ದು, ಗದ್ದದಿಂದ ಭುಜದವರೆಗೆ ಚರ್ಮ ಬಿಗಿದುಕೊಂಡಿದೆ. ಕತ್ತು ಎಡಕ್ಕೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ಆ ಬಿಗಿತ ಬಿಡಿಸಿ ಕೊಡುತ್ತೇನೆ ಎಂದು ಡಾಕ್ಟರು ಹೇಳಿದ್ದರು.

"ಕಲೆನೂ ಪೂರ್ತಿ ಹೋಗುತ್ತಲ್ವಾ ಸರ್?" ಎಂದಳು ಮಗಳು.

"ಹೋಗಲ್ಲಮ್ಮ. ತೊಡೆ ಚರ್ಮ ತಂದು ಕೂರಿಸ್ತೀವಿ. ತೇಪೆ ಕಾಣುತ್ತೆ."

ಅವಳು ಮೊಬೈಲ್ ಮುಂದೆ ಹಿಡಿದಳು. ಡಾಕ್ಟರು ನೋಡಿ, ಉಸಿರು ಬಿಟ್ಟರು. "ಇದೇ ಬೇಕು ಅಂದ್ರೆ ನಾನು ಆಪರೇಷನ್ ಮಾಡಲ್ಲ. ಯೋಚನೆ ಮಾಡಿ ಬನ್ನಿ."

ನನ್ನ ಪಿತ್ತ ನೆತ್ತಿಗೇರಿತು. ಗೋಡೆಗೆ ಗಾರೆ ಮಾಡಿ ಬದುಕುವವನು ನಾನು. ಗಿರಾಕಿ ಕೇಳಿದ್ದಕ್ಕೆಲ್ಲ ಆಗಲ್ಲ ಎನ್ನುತ್ತಾ ಕೂತರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಮಗಳ ಕೈ ಹಿಡಿದು ಸೀದಾ ಅಕ್ಕನ ಕೋಣೆಗೆ ನುಗ್ಗಿದೆ.

"ಟಿವಿಲಿ ಆಗಿದ್ದು ಇವಳಿಗೆ ಯಾಕೆ ಆಗಲ್ವಂತೆ? ನಾವು ಬಡವರು ಅಂತಾನಾ?"

"ಮೊದ್ಲು ಬಾಗಿಲು ಹಾಕೋ. ನಿನ್ನ ಗಂಟಲಿಗೆ ಮೈಕ್ ಬೇರೆ ಬೇಡ."

ಅಕ್ಕ ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು. ತನ್ನ ಫೋಟೋಗಳನ್ನು ಹೊಸಬರಿಗೆ ತೋರಿಸಿ ಎಂದು ಆ ಟಿವಿಯ ಹೆಂಗಸೇ ಬರೆದುಕೊಟ್ಟಿದ್ದಳಂತೆ. ಮೂರನೇ ತಿಂಗಳದ್ದು ಬಂದಾಗ ನಾನು ಮುಖ ತಿರುಗಿಸಿದೆ. ತೇಪೆಯ ಅಂಚು ಕೆಂಪಗೆ, ಹಗ್ಗದ ಹಾಗೆ ಉಬ್ಬಿತ್ತು. ಆಪರೇಷನ್ನಿಗೆ ಮುಂಚೆಯೇ ಚೆನ್ನಾಗಿತ್ತು ಅನ್ನಬೇಕು.

"ಇದನ್ನ ಟಿವಿಲಿ ತೋರಿಸ್ಲೇ ಇಲ್ಲ ಅತ್ತೆ."

"ಯಾರು ತೋರಿಸ್ತಾರೆ ಹೇಳು? ಮೂರನೇ ತಿಂಗಳು ಇಲ್ಲಿ ಕೂತು ಅಳದೇ ಇದ್ದವರು ಕಮ್ಮಿ. ಡಾಕ್ಟ್ರನ್ನ ಬಯ್ತಾರೆ, ನನ್ನ ಕ್ಯಾಮೆರಾನೂ ಬಯ್ತಾರೆ. ನಡುವಿನ ಫೋಟೋ ಎಗರಿಸಿದವರನ್ನ ಮಾತ್ರ ಯಾರೂ ಬಯ್ಯಲ್ಲ."

"ಮಗೂನ ಹೆದರಿಸ್ತೀಯಲ್ಲೇ," ಎಂದೆ.

"ನಿನ್ನ ಹಸಿ ಗಾರೆ ನೋಡಿ ಯಾರಾದ್ರೂ ಗೋಡೆ ಕೆಟ್ಟೋಯ್ತು ಅಂದ್ರೆ ಸುಮ್ನಿರ್ತೀಯಾ?"

"ಕರಣೆ ತಗೊಂಡು ಅಟ್ಟಿಸ್ಕೊಂಡು ಹೋಗ್ತಾರೆ ಅಪ್ಪ," ಎಂದು ಮಗಳು ನಕ್ಕಳು.

ವರ್ಷದ ಫೋಟೋದಲ್ಲಿ ಉಬ್ಬು ಇಳಿದಿತ್ತು. ತೇಪೆ ಮಾತ್ರ ತೇಪೆಯಾಗಿಯೇ ಇತ್ತು. ಅದರ ಪಕ್ಕದ ಫೋಟೋದಲ್ಲಿ ಆ ಹೆಂಗಸು ಕತ್ತು ತಿರುಗಿಸಿ, ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಮಗಳು ಅದನ್ನೇ ನೋಡುತ್ತಾ ಕೂತಳು.

"ಇದೂ ಟಿವಿಲಿ ಇರ್ಲಿಲ್ಲ."

"ಅವರು ಇದನ್ನ ಕೇಳ್ಲೇ ಇಲ್ಲ ಕಣೇ. ಈ ಫೋಟೋ ದಿನ ಅವಳೇ ನನಗೆ ಹೇಳಿದ್ಳು, ಬೆನ್ನ ಹಿಂದೆ ಬಸ್ಸು ಬರೋದು ಈಗ ಕಾಣುತ್ತೆ ಅಂತ."

ಮಗಳು ಎದ್ದು, ನನ್ನನ್ನು ಕಾಯದೆ ಡಾಕ್ಟರ ಕೋಣೆಗೆ ನಡೆದಳು. ನಾನು ಹಿಂದೆ ಓಡಿದೆ.

"ಯೋಚನೆ ಮಾಡಿದೆ ಸರ್. ಕತ್ತು ಎಡಕ್ಕೆ ತಿರುಗಬೇಕು. ತೇಪೆ ಕಂಡ್ರೆ ಕಾಣ್ಲಿ."

"ಎಷ್ಟೋ ತಿಂಗಳು ಕತ್ತಿಗೆ ಪಟ್ಟಿ ಕಟ್ಕೊಂಡಿರ್ಬೇಕು. ನಡುವೆ ಅಳು ಬರುತ್ತೆ."

"ಬಂದ್ರೆ ಅತ್ತೆ ಹತ್ರ ಅಳ್ತೀನಿ. ನಿಮಗೆ ತೊಂದ್ರೆ ಕೊಡಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಚೀಟಿಯಲ್ಲಿ ಬರೆದುಕೊಟ್ಟರು: ಬರುವ ಸೋಮವಾರ, ಬೆಳಿಗ್ಗೆ ಏಳು ಗಂಟೆ, ಖಾಲಿ ಹೊಟ್ಟೆಯಲ್ಲಿ.